ಬುಡ ತಿರುಗಿದ ಮೇಲೆ

ಮುರೊರಾನ್ ಬಂದರಿನ ಹಿಂದೆ, ಹಳೆಯ ಮೀನು ಗೋದಾಮಿನ ಪಕ್ಕ
ಆಕಾಶಕ್ಕೆ ಹಸಿರು ಬಲೆ ಕಟ್ಟಿದ್ದಾರೆ.
ಏಪ್ರಿಲ್ ಬಂದರೂ ಬಲೆಯ ಅಡಿಯಲ್ಲಿ ಮಸಿ ಹಿಡಿದ ಹಿಮ.
ನಾಣ್ಯ ಹಾಕಿದರೆ ಯಂತ್ರ ಗಡಗಡ ಕೆಮ್ಮಿ
ಒಂದು ಬುಟ್ಟಿ ಚೆಂಡು ಉಗುಳುತ್ತದೆ. ಅರವತ್ತು.
ಅರವತ್ತೂ ನನ್ನವೇ ತಪ್ಪುಗಳು, ಇನ್ನೂ ಆಗಬೇಕಾದವು.

ತೊಕಿವಾ ಬೆಂಚಿನಲ್ಲಿ ಕೂತು ಬಾರ್ಲಿ ಚಹಾ ಹೀರುತ್ತಾಳೆ.
ನಲವತ್ತು ವರ್ಷ ಬೇರೆಯವರ ಚೀಲ ಎಳೆದ ಕ್ಯಾಡಿ,
ಬೆನ್ನು ನೋಡಿಯೇ ಚೆಂಡು ಎಲ್ಲಿ ಬೀಳುತ್ತದೆಂದು ಹೇಳುವವಳು.
"ಇಸೊಗಾಯಿ, ನಿನ್ನ ಹೆಸರಲ್ಲೇ ಅವಸರದ ಸದ್ದಿದೆ.
ಕೈಯನ್ನು ಮರೆತುಬಿಡು,
ಕರೆಯದಿದ್ದರೂ ಪಂಕ್ತಿಗೆ ಬಂದು ಕೂರುವ ನೆಂಟ ಅದು.
ಎದ್ದುಹೋಗಿ ಕರೆಯಬೇಕಾದ್ದು ಸೊಂಟವನ್ನು."

ಸೊಂಟ ಬರುವುದಿಲ್ಲ.
ಮೂವತ್ತೊಂದು ವರ್ಷ ಕ್ರೇನಿನ ಗಾಜಿನ ಗೂಡಿನಲ್ಲಿ
ಕುರ್ಚಿಗೇ ಬೇರುಬಿಟ್ಟ ಸೊಂಟ.
ಟೊಂಕ ಕಟ್ಟಿ ದುಡಿದ ಅನ್ನುತ್ತಾರಲ್ಲ,
ನಾನು ಕಟ್ಟಿಯೇಬಿಟ್ಟಿದ್ದೆ.
ಈಗ ಗಂಟು ಎಲ್ಲಿದೆಯೋ ಸಿಗುತ್ತಿಲ್ಲ.

ಕಳೆದ ವಾರ ಮೊಣಕಾಲ ನಡುವೆ ಟವೆಲು ಸಿಕ್ಕಿಸಿದ್ದಳು.
ಇವತ್ತು ನನ್ನ ಮನೆಯ ಕೀಲಿಗೊಂಚಲನ್ನು ಕೇಳಿ ಪಡೆದು
ಎಡ ಹಿಂಜೇಬಿನ ಅಂಚಿಗೆ ನೇತುಹಾಕಿದಳು.
"ಕೋಲು ಇಳಿಯುವ ಮುಂಚೆ ಇದು ಝಣ್ ಅನ್ನಬೇಕು. ಅಷ್ಟೇ."

ಬೀಸಿದೆ. ಠಕ್. ಆಮೇಲೆ ಝಣ್.
ಗುಡುಗು ಬಂದು ಹೋದ ಮೇಲೆ
ಮಿಂಚು ಬಂದು ಬಾಗಿಲು ತಟ್ಟಿದ ಹಾಗೆ.
ಚೆಂಡು ಬಲಕ್ಕೆ ಬಾಗಿ ಕಂಬಕ್ಕೆ ಬಡಿಯಿತು.
ಠಕ್, ಝಣ್.
ಠಕ್ಝಣ್.
ಪಕ್ಕದ ಅಂಕಣದ ಶಾಲಾ ಹುಡುಗಿ
ನನ್ನ ಕಡೆ ನೋಡದೆ ಇರಲು ಬಹಳ ಕಷ್ಟಪಟ್ಟಳು.

ನಲವತ್ತನೆಯದು ಮುಗಿದು ಉಸಿರು ಎಳೆಯುವಾಗ
ಬಲೆಯ ಆಚೆ, ದೀಪಗಳ ನಡುವೆ
ನನ್ನದೇ ಮೂರನೇ ನಂಬರಿನ ಕ್ರೇನು ಅಲುಗಿತು.
ರಾತ್ರಿ ಪಾಳಿ, ನುಮಜಿರಿ, ಹೊಸ ಹುಡುಗ.
ಹೊರೆಯನ್ನು ಎಳೆಯುತ್ತಿದ್ದಾನೆ ಪೆದ್ದ,
ಇಷ್ಟು ದೂರಕ್ಕೂ ಕಾಣುತ್ತದೆ,
ಕೊಕ್ಕೆ ಕುಡಿದವನಂತೆ ತೂಗುತ್ತಿದೆ.
ಎಷ್ಟು ಸಲ ಹೇಳಿಲ್ಲ ಅವನಿಗೆ!
ಹೊರೆಯ ಗೊಡವೆಗೆ ಹೋಗಬೇಡ, ಬುಡ ತಿರುಗಿಸು.
ಬುಡದ ಹಿಂದೆ ತೋಳು ಬರುತ್ತದೆ,
ತೋಳಿನ ಹಿಂದೆ ಹಗ್ಗ, ಹಗ್ಗದ ಹಿಂದೆ ಹೊರೆ,
ತಡವಾಗಿ ಬರುತ್ತದೆ, ಬರಲಿ ಬಿಡು, ಅದು ಬರುವುದೇ ತಡವಾಗಿ

ಎಂದು ಗೊಣಗುತ್ತಿದ್ದವನು ಕೋಲು ಹಿಡಿದು ಹಾಗೇ ನಿಂತೆ.
ದಿನಕ್ಕೆ ಇನ್ನೂರು ಸಲ, ಮೂವತ್ತೊಂದು ವರ್ಷ.
ನನ್ನ ಕೆಳಗೆ ತಿರುಗಿದ್ದೆಲ್ಲ ಕಬ್ಬಿಣ.
ನಾನಲ್ಲ.

ಎಡ ಹಿಮ್ಮಡಿಯನ್ನು ನೆಲಕ್ಕೆ ಕೊಟ್ಟೆ.
ನಡು ಕಡಲಿನ ಕಡೆಗೆ ತಿರುಗಿತು,
ಝಣ್
ಆಮೇಲೆ ಒಂದು ಚೂರು ಖಾಲಿ.
ಆ ಖಾಲಿಯಲ್ಲಿ ಕೈಗಳು ಇನ್ನೂ ಮೇಲೆಯೇ ಇದ್ದವು,
ಸುದ್ದಿ ತಲುಪಿರಲಿಲ್ಲ ಅವಕ್ಕೆ.
ಚೆಂಡು ಹೋದದ್ದು ನಾನು ನೋಡಲಿಲ್ಲ.
ದೂರದ ತುದಿಯಲ್ಲಿ ಬಲೆ ಒಮ್ಮೆ ಉಬ್ಬಿ ಸುಮ್ಮನಾಯಿತು.

ತೊಕಿವಾ ತಲೆ ಎತ್ತದೆ ಫ್ಲಾಸ್ಕಿನ ಮುಚ್ಚಳ ತಿರುಗಿಸಿದಳು.
"ಕೇಳಿಸಿತು" ಅಂದಳು.

ಉಳಿದ ಹತ್ತೊಂಬತ್ತರಲ್ಲಿ ಅದು ಮತ್ತೆ ಬರಲಿಲ್ಲ.
ಒಂದು ಚೆಂಡಂತೂ ಮುಂದೆ ಹೋಗುವ ಬದಲು
ನನ್ನ ಬೂಟಿನ ಪಕ್ಕವೇ ಉರುಳಿ ನಿಂತಿತು.

ಮನೆಯ ಮೆಟ್ಟಿಲಲ್ಲಿ ಕೀಲಿಗೆಂದು ಕೈ ಮೊದಲು ಹೊರಟಿತು.
ತಡೆದೆ.
ಕತ್ತಲಲ್ಲಿ, ಯಾರೂ ಇಲ್ಲವೆಂದು ನೋಡಿಕೊಂಡು,
ಎಡ ಹಿಮ್ಮಡಿ. ಝಣ್. ಇನ್ನೊಮ್ಮೆ. ಝಣ್.
ಒಳಗಿನಿಂದ ಹೆಂಡತಿ ಕೂಗಿದಳು:
"ಅದೇನು ಹುಡುಕುತ್ತಿದ್ದೀರಿ ಅಷ್ಟು ಹೊತ್ತು?
ಬೀಗ ಹಾಕಿಯೇ ಇಲ್ಲ."